ತಿನ್ನುವ ಬಾಯಿ, ಬಿತ್ತುವ ಬಾಯಿ

ಮಲೆನಾಡಿನಿಂದ ಬಂದು ಇಲ್ಲಿ ನೆಲೆಸಿದವರ ಮುಂದೆ ಕಾಡುಪ್ರಾಣಿಗಳ ಗುಣಗಾನ ಮಾಡುವುದು ಸುಲಭದ ಕೆಲಸವಲ್ಲ. ಬಾಳೆಗೊನೆಯನ್ನೂ ಏಲಕ್ಕಿಯನ್ನೂ ಮಂಗ ಮುರಿಯುತ್ತದೆ. ಎಳನೀರಿಗೆ ಕೆಂದಳಿಲು ತೂತು ಕೊರೆಯುತ್ತದೆ. ಗೆಡ್ಡೆಗೆಣಸನ್ನು ಮುಳ್ಳುಹಂದಿ ಅಗೆಯುತ್ತದೆ. ಉಳಿದದ್ದನ್ನು ಕಾಡುಹಂದಿ ನೋಡಿಕೊಳ್ಳುತ್ತದೆ. ಊರಿನಿಂದ ಬರುವ ಫೋನಿನಲ್ಲಿ ಮಳೆಯ ಸುದ್ದಿ ಮುಗಿಯುತ್ತಲೇ ಆರಂಭವಾಗುವುದು ಮಂಗನ ಸುದ್ದಿ. ಆದುದರಿಂದ ನಮ್ಮ ಸಂಘದ ಹಿರಿಯರೊಬ್ಬರು, ಸಿದ್ದಾಪುರದ ಕಡೆಯವರು, ಮೊನ್ನೆ ಕೇಳಿದ ಪ್ರಶ್ನೆಗೆ ನಮಗೆ ಆಶ್ಚರ್ಯವಾಗಲಿಲ್ಲ. "ಅಲ್ಲ ಮಾರಾಯ್ರೆ, ಪ್ರಾಣಿಗಳು ಕಾಡು ಬೆಳೆಸ್ತವೆ ಅಂತ ನೀವು ಪೇಪರಿನವರು ಬರೀತೀರಿ. ತಿಂದು ಹಾಳು ಮಾಡಿದ್ದನ್ನ ನಾವು ಕಣ್ಣಾರೆ ಕಂಡಿದೇವೆ. ನೆಟ್ಟದ್ದನ್ನ ಯಾರು ಕಂಡಿದಾರೆ?"

ಪ್ರಶ್ನೆ ನ್ಯಾಯವಾದುದು. ತಿನ್ನುವುದು ಹಗಲಿನಲ್ಲಿ, ನಮ್ಮ ಕಣ್ಣೆದುರಿಗೆ ನಡೆಯುತ್ತದೆ. ನೆಡುವುದು ಇರುಳಿನಲ್ಲಿ, ಯಾರೂ ಕಾಣದ ಕಡೆ ನಡೆಯುತ್ತದೆ. ಅದರ ಫಲ ತೋರಬೇಕಾದರೆ ಹತ್ತಿಪ್ಪತ್ತು ವರ್ಷಗಳು ಕಳೆಯಬೇಕು. ಹಾಗಾಗಿ ಈ ಸಂಚಿಕೆಯ ಅಂಕಣವನ್ನು ಕಾಡಿನ ಬೀಜ ಮತ್ತು ಅದನ್ನು ತಿನ್ನುವ ಸಸ್ತನಿಗಳ ವಿಚಾರಕ್ಕೇ ಮೀಸಲಿಟ್ಟಿದ್ದೇವೆ.

ದೂರದ ಕಾಡಿಗೆ ಹೋಗುವ ಮೊದಲು ನಮ್ಮ ಬೀದಿಯಲ್ಲೇ ಇರುವ ಸಾಕ್ಷಿಯನ್ನು ನೋಡಿಬಿಡೋಣ. ಮುಂಬಯಿಯ ಕಡೆ ಕಾಡುಬಾದಾಮಿ ಮರವಿಲ್ಲದ ರಸ್ತೆ ಕಡಿಮೆ. ಅದರ ಕಾಯಿ ಹಣ್ಣಾಗುವ ದಿನಗಳಲ್ಲಿ ಬೆಳಿಗ್ಗೆ ತಿರುಗಾಡಲು ಹೊರಟವರು ಗಮನಿಸಿದರೆ, ಬಾದಾಮಿ ಮರವೇ ಇಲ್ಲದ ಜಾಗದಲ್ಲಿ, ಯಾವುದೋ ಬೇರೆ ಮರದ ಅಡಿಯಲ್ಲಿ, ತಿರುಳು ಕೆರೆದು ನಾರು ಎದ್ದ ಬಾದಾಮಿ ಕಾಯಿಗಳು ಬಿದ್ದಿರುವುದು ಕಾಣುತ್ತದೆ. ಅವನ್ನು ಅಲ್ಲಿಗೆ ತಂದದ್ದು ಬಾವಲಿ. ಹಣ್ಣಿನ ಮರದ ಮೇಲೆಯೇ ಕುಳಿತು ತಿಂದರೆ ಇತರ ಬಾವಲಿಗಳ ಕಾಟ, ಗೂಬೆಯ ಭಯ. ಆದುದರಿಂದ ಅದು ಹಣ್ಣನ್ನು ಕಚ್ಚಿಕೊಂಡು ದೂರದ ನಿಶ್ಚಿಂತ ಸ್ಥಳಕ್ಕೆ ಹಾರುತ್ತದೆ. ತಿರುಳನ್ನು ತಿಂದು ಬೀಜವನ್ನು ಕೆಡವುತ್ತದೆ. ಕರಾವಳಿಯ ಸುರಹೊನ್ನೆಯೂ ಹೀಗೆಯೇ ಹರಡುವ ಮರ. ನಮ್ಮ ಅಜ್ಜಿಯರ ಕಾಲದಲ್ಲಿ ಹೊನ್ನೆಯೆಣ್ಣೆಯ ದೀಪ ಉರಿಯುತ್ತಿದ್ದ ಮನೆಗಳಿಗೆ ಬಾವಲಿಯ ಋಣ ಎಷ್ಟಿತ್ತೆಂಬುದು ಯಾರಿಗೂ ಹೊಳೆದಿರಲಾರದು. ಆ ಋಣವನ್ನು ನಾವು ತೀರಿಸಿದ ಬಗೆಯಾದರೂ ಏನು? 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯಲ್ಲಿ ಹಣ್ಣು ತಿನ್ನುವ ಬಾವಲಿಯನ್ನು ಇಲಿ, ಕಾಗೆಗಳ ಜೊತೆಗೆ 'ಉಪದ್ರವಿ ಪ್ರಾಣಿ'ಗಳ ಪಟ್ಟಿಗೆ ಸೇರಿಸಿದೆವು. ಐವತ್ತು ವರ್ಷಗಳ ಬಳಿಕ, 2022ರ ತಿದ್ದುಪಡಿಯಲ್ಲಿ, ಆ ಪಟ್ಟಿಯನ್ನೇ ಕಾಯಿದೆಯಿಂದ ತೆಗೆದುಹಾಕಿದರು. (2018ರಲ್ಲಿ ಕೇರಳದ ಕೋಳಿಕೋಡಿನಲ್ಲಿ ನಿಪಾ ಜ್ವರ ಕಾಣಿಸಿಕೊಂಡಂದಿನಿಂದ ಬಾವಲಿಯ ಹೆಸರೆತ್ತಿದರೆ ತಾಯಂದಿರಿಗೆ ಗಾಬರಿ. ಬಾವಲಿ ಕಚ್ಚಿದ ಹಣ್ಣನ್ನು ಮಕ್ಕಳಿಗೆ ಕೊಡಬಾರದು, ಬಿದ್ದ ಹಣ್ಣನ್ನು ತೊಳೆಯದೆ ತಿನ್ನಬಾರದು. ಇಷ್ಟು ಎಚ್ಚರ ಸಾಕು. ಬಾವಲಿ ತೂಗುವ ಮರವನ್ನು ಕಡಿಸುವ ಅಗತ್ಯವಿಲ್ಲ.)

ಬೀಜಕ್ಕೆ ದೂರ ಹೋಗಬೇಕಾದ ಅಗತ್ಯವಾದರೂ ಏನು? ತಾಯಿಮರದ ನೆರಳಿನಲ್ಲೇ ಮೊಳೆತರೆ ಏನು ಕೇಡು? ಅಮೆರಿಕದ ಡೇನಿಯಲ್ ಜಾನ್‌ಜನ್ ಮತ್ತು ಜೋಸೆಫ್ ಕಾನೆಲ್ ಎಂಬ ಇಬ್ಬರು ಪ್ರಾಣಿ-ಸಸ್ಯಗಳ ಅಭ್ಯಾಸಿಗಳು 1970-71ರಲ್ಲಿ, ಒಬ್ಬರ ಆಲೋಚನೆಗೆ ಇನ್ನೊಬ್ಬರು ಕಾಯದೆ, ಒಂದೇ ಬಗೆಯ ಉತ್ತರವನ್ನು ಕೊಟ್ಟರು. ತಾಯಿಮರದ ಅಡಿಯಲ್ಲಿ ಬೀಜಗಳು ರಾಶಿಯಾಗಿ ಬೀಳುತ್ತವೆ. ಆ ರಾಶಿಯನ್ನು ಹುಡುಕಿಕೊಂಡು ಆ ಜಾತಿಯನ್ನೇ ತಿನ್ನುವ ಹುಳ, ಬೂಷ್ಟು, ಇಲಿಗಳೆಲ್ಲ ಅಲ್ಲಿಗೇ ನೆರೆಯುತ್ತವೆ. ಮೊಳೆತ ಸಸಿಗೂ ಅದೇ ಪಾಡು. ದೂರ ಹೋದ ಒಂಟಿ ಬೀಜ ಅವುಗಳ ಕಣ್ಣಿಗೆ ಬೀಳುವ ಸಂಭವ ಕಡಿಮೆ. ಬಿಸಿಲುನಾಡಿನ ದಟ್ಟಡವಿಯಲ್ಲಿ ಒಂದೇ ಎಕರೆಯೊಳಗೆ ಅಷ್ಟೊಂದು ಬಗೆಯ ಮರಗಳು ಏಕೆ, ಒಂದೇ ಜಾತಿ ಎಲ್ಲವನ್ನೂ ಆಕ್ರಮಿಸಿಕೊಳ್ಳುವುದಿಲ್ಲವೇಕೆ ಎಂಬುದಕ್ಕೂ ಅವರು ಇದನ್ನೇ ಕಾರಣವಾಗಿ ಹೇಳಿದರು. ಎಂದರೆ, ಮರಕ್ಕೆ ತನ್ನ ಮಕ್ಕಳನ್ನು ಊರು ಬಿಡಿಸುವುದೇ ಮುಖ್ಯ ಚಿಂತೆ. ಕಾಲಿಲ್ಲದ ಮರ ಆ ಕೆಲಸಕ್ಕೆ ಕಾಲುಳ್ಳವರನ್ನು ಹಿಡಿಯಬೇಕು. ಕೂಲಿಯಾಗಿ ತಿರುಳನ್ನು ಕೊಡಬೇಕು. ಹೊಟ್ಟೆಪಾಡಿಗಾಗಿ ಊರು ಬಿಟ್ಟು ಈ ಖಾಡಿಯ ದಡಕ್ಕೆ ಬಂದು ಬೇರೂರಿದ ನಮ್ಮ ವಾಚಕರಿಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ.

ಈ ಕೂಲಿಯಾಳುಗಳಲ್ಲಿ ಅತ್ಯಂತ ನಂಬಿಕಸ್ಥನಾದವನು ಮರಬೆಕ್ಕು. ಹೆಸರು ಬೆಕ್ಕು, ಬಳಗ ಪುನುಗಿನ ಬೆಕ್ಕಿನದು, ಹಲ್ಲುಗಳು ಮಾಂಸ ತಿನ್ನುವವನವು, ಆದರೆ ಊಟ ಹೆಚ್ಚಾಗಿ ಹಣ್ಣಿನದು. ಪಶ್ಚಿಮ ಘಟ್ಟದಲ್ಲಿ ಮಾತ್ರ ಇರುವ ಒಂದು ಕಂದು ಮರಬೆಕ್ಕಿದೆ. ಘಟ್ಟದ ದಕ್ಷಿಣ ತುದಿಯಿಂದ ನಮ್ಮ ಕ್ಯಾಸಲ್‌ರಾಕಿನ ಆಸುಪಾಸಿನವರೆಗೆ ಅದರ ವಾಸ. ತಮಿಳುನಾಡಿನ ಕಳಕ್ಕಾಡು-ಮುಂಡಂತುರೈ ಕಾಡಿನಲ್ಲಿ ದಿವ್ಯಾ ಮುಡಪ್ಪ ಮತ್ತು ಅವರ ಸಂಗಡಿಗರು ಈ ಪ್ರಾಣಿಯ ಲದ್ದಿಯನ್ನು ವರ್ಷಗಟ್ಟಲೆ ಪರೀಕ್ಷಿಸಿ, 50ಕ್ಕೂ ಹೆಚ್ಚು ಜಾತಿಯ ಕಾಡುಹಣ್ಣುಗಳನ್ನು ಅದು ತಿನ್ನುವುದೆಂದು 2010ರಲ್ಲಿ ಪ್ರಕಟಿಸಿದರು. ಮರಬೆಕ್ಕು ಹಣ್ಣನ್ನು ಅಗಿದು ನುರಿಸುವುದಿಲ್ಲ, ನುಂಗುತ್ತದೆ. ಬೀಜ ಒಡೆಯದೆ ಹೊಟ್ಟೆಯನ್ನು ಹಾದು ಹೊರಬರುತ್ತದೆ. ಬಗನಿ ಮರದ ಹಣ್ಣನ್ನು ಮುಟ್ಟಿದವರಿಗೆ ಅದರ ತುರಿಕೆ ಗೊತ್ತು. ಮರಬೆಕ್ಕಿಗೆ ಅದೂ ಸಿಹಿತಿಂಡಿಯೇ. ಈಚೆಗೆ ಇದೇ ಬಳಗದ ಹೊಟ್ಟೆಯಿಂದ ಬಂದ ಕಾಫಿಬೀಜವನ್ನು ದುಬಾರಿ ಬೆಲೆಗೆ ಮಾರುವ ವ್ಯಾಪಾರವೂ ಹುಟ್ಟಿಕೊಂಡಿದೆ. ಕಾಡಿಗೆ ಆ ಪ್ರಾಣಿ ಮಾಡುವ ಕೆಲಸದ ಬೆಲೆ ಯಾವ ಪೇಟೆಯಲ್ಲೂ ನಮೂದಾಗಿಲ್ಲ.

ಇನ್ನೊಬ್ಬ ಬಿತ್ತನೆಗಾರನ ರೀತಿ ಬೇರೆ. ಬೆಟ್ಟದ ನೆಲ್ಲಿಕಾಯಿ ಉದುರುವ ಕಾಲಕ್ಕೆ ಚುಕ್ಕೆಜಿಂಕೆ ಮರದಡಿಗೆ ಬಂದು ಕಾಯಿಗಳನ್ನು ನುಂಗಿಹೋಗುತ್ತದೆ. ದನಕ್ಕಿರುವಂತೆ ಅದಕ್ಕೂ ಮೆಲುಕು ಹಾಕುವ ಹೊಟ್ಟೆ. ಎಲ್ಲೋ ದೂರದ ನೆರಳಿನಲ್ಲಿ ಮಲಗಿ ಮೆಲುಕಾಡುವಾಗ ಗಟ್ಟಿಯಾದ ನೆಲ್ಲಿಬೀಜ ಬಾಯಿಗೆ ಬರುತ್ತದೆ. ಜಿಂಕೆ ಅದನ್ನು ಉಗುಳಿಬಿಡುತ್ತದೆ. ಲದ್ದಿಯಲ್ಲಿ ಹುಡುಕಿದವರಿಗೆ ಬೀಜ ಸಿಗದೆ, ಜಿಂಕೆ ಅದನ್ನು ಅರೆದು ತಿಂದಿತೆಂದು ತೀರ್ಮಾನವಾಗುವ ಅಪಾಯ ಇಲ್ಲಿದೆ. ಬಂಡೀಪುರಕ್ಕೆ ಹೊಂದಿಕೊಂಡ ಮುದುಮಲೆಯಲ್ಲಿ ಸೌಮ್ಯಾ ಪ್ರಸಾದ್ ಮತ್ತು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ರಾಮನ್ ಸುಕುಮಾರ್ ಮೊದಲಾದವರು ಉದುರಿದ ಕಾಯಿಗಳ ಮುಂದೆ ತಾನಾಗಿ ಚಿತ್ರ ತೆಗೆಯುವ ಕ್ಯಾಮರಾ ಇಟ್ಟು, ಯಾರು ನಿಜವಾಗಿ ಹಣ್ಣು ತಿಂದರೆಂಬುದನ್ನು ಲೆಕ್ಕ ಹಾಕುವ ಕ್ರಮವನ್ನು 2010ರಲ್ಲಿ ವಿವರಿಸಿದರು. ಉಪ್ಪಿನಕಾಯಿ ಭರಣಿಗೆ ಹೋಗುವ ನೆಲ್ಲಿಯ ವಂಶ ಮುಂದುವರಿಯುವುದರಲ್ಲಿ ಜಿಂಕೆಯ ಎಂಜಲಿಗೂ ಪಾಲಿದೆ.

ಈಗ ನಮ್ಮ ಹಿರಿಯರ ಊರಿಗೇ ಬರೋಣ. ಸಿದ್ದಾಪುರ ತಾಲ್ಲೂಕಿನಲ್ಲಿ, ಜೋಗದಿಂದ ಹೊನ್ನಾವರದ ಕಡೆಗೆ ಇಳಿಯುವ ಸೀಮೆಯಲ್ಲಿ, ಕತ್ತಲೆಕಾನು ಎಂಬ ಕಾಡಿದೆ. ಹೆಸರೇ ಹೇಳುವಂತೆ ಹಗಲಲ್ಲೂ ಕತ್ತಲೆ. ಅದರ ತಗ್ಗುಗಳಲ್ಲಿ ರಾಮಪತ್ರೆಯ ಬಳಗದ ಮರಗಳ ಜೌಗುಗಳಿವೆ. ವರ್ಷವಿಡೀ ನೀರು ನಿಂತ ಕೆಸರಿನಿಂದ ಮಂಡಿಯಂತೆ ಬಾಗಿ ಎದ್ದ ಬೇರುಗಳು. ಗೇರಿನ ಕುಲಕ್ಕೆ ಸೇರಿದ ಒಂದು ಮರವನ್ನು ಇಲ್ಲಿ ಕಂಡು 2000ದಲ್ಲಿ ದಾಸಪ್ಪ ಮತ್ತು ಸ್ವಾಮಿನಾಥ್ ಎಂಬುವರು ವಿಜ್ಞಾನಕ್ಕೆ ಹೊಸದೆಂದು ವರ್ಣಿಸಿದರು. ಅದರ ಶಾಸ್ತ್ರೀಯ ಹೆಸರಿನಲ್ಲೇ ಕತ್ತಲೆಕಾನು ಸೇರಿದೆ. ಬೆರಳೆಣಿಕೆಯ ಜೌಗುಗಳಲ್ಲಿ ಮಾತ್ರ ಉಳಿದಿರುವ ಆ ಮರ ಅತ್ಯಂತ ಅಪಾಯದಲ್ಲಿರುವ ಜಾತಿಗಳ ಸಾಲಿನಲ್ಲಿದೆ. ಶಿರಸಿಯ ಅರಣ್ಯ ಮಹಾವಿದ್ಯಾಲಯದವರು ಅದರ ಸಸಿಗಳನ್ನು ಬೆಳೆಸಿ ಜೌಗುಗಳಲ್ಲಿ ನೆಡುವ ಕೆಲಸ ಮಾಡಿದ್ದಾರೆ.

ಈ ಬಗೆಯ ಕಾಡಿನ ಬೀಜಗಳಿಗೆ ಒಂದು ದೌರ್ಬಲ್ಯವುಂಟು. ರಾಗಿಯಂತೆ, ಭತ್ತದಂತೆ ಒಣಗಿಸಿ ಕಣಜದಲ್ಲಿಟ್ಟು ಮುಂದಿನ ವರ್ಷ ಬಿತ್ತುವ ಬೀಜಗಳಲ್ಲ ಇವು. ಒಳಗೆ ನೀರೂ ಜಿಡ್ಡೂ ತುಂಬಿದ ದಪ್ಪ ಬೀಜ, ಒಣಗಿದರೆ ಸತ್ತಿತು. ಕೆಲವು ವಾರಗಳೊಳಗೆ ತಕ್ಕ ಸ್ಥಳ ಸಿಕ್ಕಿ ಮೊಳೆಯಬೇಕು. ಮಣ್ಣಿನಲ್ಲಿ ಕಾದು ಕುಳಿತು ಒಳ್ಳೆಯ ಕಾಲ ಬಂದಾಗ ಏಳುವ ಉಪಾಯ ಇವಕ್ಕಿಲ್ಲ. ಆದುದರಿಂದ ಹಣ್ಣಾದ ಆ ಹೊತ್ತಿನಲ್ಲೇ ಹೊತ್ತೊಯ್ಯುವವರು ಹಾಜರಿರಬೇಕು. ರಾಮಪತ್ರೆಯ ಕೆಂಪು ಪತ್ರೆಯನ್ನು ಬಯಸಿ ಬರುವವರಲ್ಲಿ ಮಂಗಟ್ಟೆ ಹಕ್ಕಿ ಮುಖ್ಯವಾದುದು. ಅದು ಸಸ್ತನಿಯಲ್ಲವಾದುದರಿಂದ ಇಲ್ಲಿ ಹೆಸರು ಹೇಳಿ ಮುಂದೆ ಹೋಗುತ್ತೇವೆ. ನೆಲದ ಮೇಲೆ ಉಳಿದ ಜಿಡ್ಡಿನ ಬೀಜಗಳಿಗೆ ಇಲಿಗಳ ಹಲ್ಲು ಕಾದಿರುತ್ತದೆ.

ಕತ್ತಲೆಕಾನಿನ ಸುತ್ತಲಿನ ಶಿರಸಿ-ಹೊನ್ನಾವರ ಕಾಡುಗಳಲ್ಲಿ ಸಿಂಗಳೀಕವಿದೆ. ಜಗತ್ತಿನಲ್ಲಿ ಪಶ್ಚಿಮ ಘಟ್ಟವನ್ನು ಬಿಟ್ಟರೆ ಬೇರೆಲ್ಲೂ ಇಲ್ಲದ ಮಂಗ. ಸಿಂಗಳೀಕಕ್ಕೂ ನಮ್ಮ ಸಾಮಾನ್ಯ ಮಂಗಕ್ಕೂ ಕೆನ್ನೆಯೊಳಗೆ ಚೀಲವುಂಟು. ಹಣ್ಣು ಸಿಕ್ಕಿದ ಮರದ ಮೇಲೆ ಅವಸರದಲ್ಲಿ ಕೆನ್ನೆ ತುಂಬಿಕೊಳ್ಳುತ್ತದೆ. ಮುಂದೆ ಯಾವುದೋ ಕೊಂಬೆಯ ಮೇಲೆ ಕುಳಿತು ನಿಧಾನವಾಗಿ ಚೀಪಿ ದೊಡ್ಡ ಬೀಜವನ್ನು ಉಗುಳುತ್ತದೆ. ಸಣ್ಣದನ್ನು ನುಂಗಿ ಇನ್ನೂ ಮುಂದೆ ಒಯ್ಯುತ್ತದೆ. ಕಾಯಿಯಾಗಿರುವಾಗಲೇ ಕಿತ್ತು ಎಳೆಯ ಬೀಜವನ್ನು ಅಗಿದು ಹಾಳು ಮಾಡುವುದೂ ಇದೇ ಸಿಂಗಳೀಕವೇ. ಒಂದೇ ಬಾಯಿ, ಎರಡು ಕೆಲಸ. ಹಿರಿಯರ ಪ್ರಶ್ನೆಗೆ ಇದೇ ನೇರವಾದ ಉತ್ತರ: ಅವರು ಕಂಡದ್ದೂ ಸತ್ಯ, ಅವರು ಕಾಣದ್ದೂ ಸತ್ಯ. ನೂರು ಬೀಜದಲ್ಲಿ ತೊಂಬತ್ತೊಂಬತ್ತು ಹಾಳಾಗಿ ಒಂದು ತಕ್ಕ ಜಾಗಕ್ಕೆ ಬಿದ್ದರೂ ಮರಕ್ಕೆ ಲಾಭವೇ. ಮುನ್ನೂರು ವರ್ಷ ಬದುಕುವ ಮರಕ್ಕೆ ತನ್ನ ಜಾಗಕ್ಕೆ ಒಬ್ಬ ಉತ್ತರಾಧಿಕಾರಿ ಸಾಕು. ಆದರೆ ಆ ಒಬ್ಬನೂ ಇಲ್ಲವಾದರೆ?

ಇಲ್ಲವಾಗುವ ಬಗೆ ಹೇಗೆಂಬುದಕ್ಕೆ ಉಪ್ಪಾಗೆಯ ಕಥೆಯನ್ನು ಕೇಳಬೇಕು. ಉತ್ತರ ಕನ್ನಡದವರ ಮನೆಯಲ್ಲಿ ಉಪ್ಪಾಗೆಯ ಹುಳಿ, ಉಪ್ಪಾಗೆ ಬೀಜದ ತುಪ್ಪ ಇವೆರಡೂ ಹಳೆಯ ಪರಿಚಯದವು. ಸಿಂಗಳೀಕಕ್ಕೂ ಅದು ಆಹಾರ. ಉಪ್ಪಾಗೆಯ ಸಿಪ್ಪೆಯಲ್ಲಿರುವ ಒಂದು ಆಮ್ಲದಿಂದ ಮೈಕೊಬ್ಬು ಕರಗುವುದೆಂಬ ಪ್ರಚಾರ 1990ರ ದಶಕದಲ್ಲಿ ಪಾಶ್ಚಾತ್ಯ ದೇಶಗಳಲ್ಲಿ ಹಬ್ಬಿತು, ಗುಳಿಗೆಗಳು ಬಂದವು, ಸಿಪ್ಪೆಯ ಧಾರಣೆ ಏರಿತು. ಅಲ್ಲಿಯ ಸ್ಥೂಲಕಾಯರ ಚಿಂತೆ ಇಲ್ಲಿಯ ಕಾನಿನ ಚಿಂತೆಯಾಯಿತು. ಬೇರೆಯವರು ಕೊಯ್ದಾರೆಂಬ ಅವಸರದಲ್ಲಿ ಬಲಿಯುವ ಮೊದಲೇ ಕಾಯಿ ಕೊಯ್ದರು, ಕೊಂಬೆ ಕಡಿದರು. ಮಳೆಗಾಲದಲ್ಲಿ ಸಿಪ್ಪೆ ಒಣಗಿಸಲು ಒಲೆ ಹೂಡಿ ಅದೇ ಕಾಡಿನ ಸೌದೆ ಉರಿಸಿದರು. ಬಡವರ ಮನೆಗೆ ಅದರಿಂದ ನಾಲ್ಕು ಕಾಸು ಬಂದದ್ದೂ ನಿಜವೇ. ಅವರನ್ನು ದೂರುವುದು ನಮ್ಮ ಉದ್ದೇಶವಲ್ಲ. ಬೀಜ ತಿನ್ನುವ ಸಸ್ತನಿಗಳ ಪಟ್ಟಿ ಬರೆಯುವಾಗ ಎರಡು ಕಾಲಿನ ಸಸ್ತನಿಯನ್ನು ಬಿಟ್ಟುಬಿಡುವುದು ನ್ಯಾಯವಲ್ಲ ಎಂದಷ್ಟೇ ಹೇಳುತ್ತೇವೆ. ಜೌಗುಗಳಲ್ಲಿ ಎಷ್ಟೋ ಹಿಂದೆಯೇ ಅಡಿಕೆ ತೋಟಗಳಾದವು. ಉಳಿದ ಸಿಂಗಳೀಕಗಳಿಗಾಗಿ 2011ರಲ್ಲಿ ಅಘನಾಶಿನಿ ಸಂರಕ್ಷಿತ ಪ್ರದೇಶವನ್ನೂ, 2019ರಲ್ಲಿ ಶರಾವತಿ ಕಣಿವೆ ಸಿಂಗಳೀಕ ಅಭಯಾರಣ್ಯವನ್ನೂ ಸರ್ಕಾರ ಘೋಷಿಸಿತು. ಅದೇ ಕಣಿವೆಗೆ 2000 ಮೆಗಾವಾಟಿನ ವಿದ್ಯುತ್ ಯೋಜನೆಯೊಂದರ ಪ್ರಸ್ತಾಪ ಬಂದು ದೊಡ್ಡ ವಾಗ್ವಾದವೆದ್ದುದನ್ನು ವಾಚಕರು ಪತ್ರಿಕೆಗಳಲ್ಲಿ ಓದಿರಬಹುದು. ನೆಲಕ್ಕಿಳಿಯಲು ಹಿಂಜರಿಯುವ ಈ ಮಂಗಕ್ಕೆ ಮರದಿಂದ ಮರಕ್ಕೆ ಕೊಂಬೆಯ ದಾರಿ ಬೇಕು. ದಾರಿ ಕಡಿದಲ್ಲಿ ಮಂಗವೂ ನಿಂತಿತು, ಅದರ ಕೆನ್ನೆಯೊಳಗಿನ ಬೀಜವೂ ನಿಂತಿತು.

ಕೊಂಬೆಯ ದಾರಿಯ ಮಾತು ಬಂದಾಗ ಕೆಂದಳಿಲನ್ನು ನೆನೆಯಬೇಕು. ಮರಾಠಿಯಲ್ಲಿ ಇದು ಶೇಕರು, ಮಹಾರಾಷ್ಟ್ರದ ರಾಜ್ಯಪ್ರಾಣಿ. ನಮ್ಮಿಂದ ಒಂದು ಹಗಲಿನ ಪ್ರಯಾಣದೊಳಗಿರುವ ಭೀಮಾಶಂಕರದ ಕಾಡನ್ನು 1985ರಲ್ಲಿ ಅಭಯಾರಣ್ಯ ಮಾಡಿದ್ದು ಮುಖ್ಯವಾಗಿ ಇದಕ್ಕಾಗಿಯೇ. ಜ್ಯೋತಿರ್ಲಿಂಗದ ದರ್ಶನಕ್ಕೆಂದು ನಮ್ಮವರು ಅಲ್ಲಿಗೆ ಹೋಗುವುದುಂಟು. ಅಲ್ಲಿ ಹುಟ್ಟುವ ಭೀಮೆಯೇ ಮುಂದೆ ವಿಜಯಪುರ, ಕಲಬುರಗಿ, ಯಾದಗಿರಿಗಳ ಹೊಲಗಳನ್ನು ಹಾದು ಕೃಷ್ಣೆಯನ್ನು ಕೂಡುವುದರಿಂದ ಆ ಬೆಟ್ಟ ನಮಗೆ ಪರಕೀಯವೂ ಅಲ್ಲ. ಕೆಂದಳಿಲನ್ನು ಕುರಿತ ಅಭ್ಯಾಸದಲ್ಲಿಯೂ ಕರ್ನಾಟಕ-ಮಹಾರಾಷ್ಟ್ರಗಳ ನಂಟು ಇದೆಯೆಂಬುದು ಸ್ವಾರಸ್ಯದ ಸಂಗತಿ. ಭಾರತೀಯ ವಿಜ್ಞಾನ ಸಂಸ್ಥೆಯ ರೆನೀ ಬೋರ್ಜಿಸ್ ಅವರು ತಮ್ಮ ಆರಂಭದ ಸಂಶೋಧನೆಗೆ ಆರಿಸಿಕೊಂಡ ಕಾಡುಗಳು ಎರಡು: ಒಂದು ಭೀಮಾಶಂಕರ, ಇನ್ನೊಂದು ಯಲ್ಲಾಪುರದ ಬಳಿಯ ಮಾಗೋಡು. ಹಣ್ಣಿನ ಬರಗಾಲದಲ್ಲಿ ಈ ಅಳಿಲು ಏನು ತಿಂದು ಬದುಕುತ್ತದೆ, ಅತ್ತಿ-ಆಲಗಳ ಹಣ್ಣು ಆಗ ಎಷ್ಟು ಆಸರೆ ಎಂಬುದನ್ನು ಎರಡೂ ಕಾಡುಗಳಲ್ಲಿ ನೋಡಿ 1993ರಲ್ಲಿ ಬರೆದರು.

ಕೆಂದಳಿಲು ಬೀಜ ನೆಡುತ್ತದೆಯೇ? ಅಳಿಲೆಂದ ಕೂಡಲೇ ಚಳಿದೇಶಗಳ ಅಳಿಲಿನ ಚಿತ್ರ ಮಕ್ಕಳ ಪುಸ್ತಕಗಳಿಂದ ನಮ್ಮ ತಲೆಗೆ ಬಂದಿದೆ: ಓಕ್ ಮರದ ಕಾಯಿಯನ್ನು ಮಣ್ಣಿನಲ್ಲಿ ಹೂಳುತ್ತದೆ, ಕೆಲವನ್ನು ಮರೆಯುತ್ತದೆ, ಮರೆತದ್ದು ಮರವಾಗುತ್ತದೆ. ನಮ್ಮ ಕೆಂದಳಿಲಿನ ಕಥೆ ಅಷ್ಟು ಮುದ್ದಾಗಿಲ್ಲ. ಅದು ನೆಲಕ್ಕೆ ಇಳಿಯುವುದೇ ಅಪರೂಪ. ಬೀಜವನ್ನು ಕೂಡಿಡುವ ಬುದ್ಧಿ ಅದಕ್ಕೂ ಇದೆಯೆಂದು ಹೇಮಾ ಸೋಮನಾಥನ್, ಸುಭಾಷ್ ಮಾಳಿ ಮತ್ತು ಬೋರ್ಜಿಸ್ 2007ರಲ್ಲಿ ತೋರಿಸಿಕೊಟ್ಟರು. ಆದರೆ ಕೂಡಿಡುವುದು ಮರದ ಮೇಲೆ! ಅಟ್ಟದ ಮೇಲಿಟ್ಟ ಬೀಜ ಮೊಳೆಯುವುದೆಲ್ಲಿ? ಹೀಗಾಗಿ ಮರಗಳ ದೃಷ್ಟಿಯಿಂದ ಕೆಂದಳಿಲು ಹೆಚ್ಚಾಗಿ ತಿನ್ನುವ ಬಾಯಿಯೇ. ಅದು ಮುದ್ದಾದ ಪ್ರಾಣಿಯೆಂದ ಮಾತ್ರಕ್ಕೆ ಬಿತ್ತನೆಗಾರನೆಂದು ಸುಳ್ಳು ಪ್ರಮಾಣಪತ್ರ ಕೊಡುವುದು ನಮಗೆ ಒಪ್ಪಿಗೆಯಿಲ್ಲ. ಘಟ್ಟದ ಕಾಡಿನ ಇಲಿಗಳೂ ಇದೇ ಪಂಗಡದವು. ಪಶ್ಚಿಮ ಘಟ್ಟಕ್ಕೇ ಸೀಮಿತವಾದ ಒಂದು ಕಾಡಿಲಿಯ ಶಾಸ್ತ್ರೀಯ ಹೆಸರಿನಲ್ಲಿ ನೆರೆಯ ಸಾತಾರಾ ಊರಿನ ಹೆಸರಿದೆ.

ಆದರೂ ಕೆಂದಳಿಲೂ ಕಾಡಿಲಿಯೂ ನಮ್ಮ ಕಾಡನ್ನು ತಿಂದು ಮುಗಿಸಲಿಲ್ಲ. ಲಕ್ಷಾಂತರ ವರ್ಷಗಳಿಂದ ಅವು ಇದ್ದುವು, ಮರಗಳೂ ಇದ್ದುವು. ಇಲಿ ಹೆಚ್ಚಿದರೆ ಕೇರೆಹಾವು, ನಾಗರ, ಗೂಬೆ, ಕಾಡುಬೆಕ್ಕುಗಳಿವೆ; ಅಳಿಲಿಗೆ ಗಿಡುಗವಿದೆ. ಮರಗಳೂ ಸುಮ್ಮನಿರಲಿಲ್ಲ. ಕೆಲವು ಬೀಜಕ್ಕೆ ಕಲ್ಲಿನಂತಹ ಚಿಪ್ಪು ತೊಡಿಸಿದುವು, ಕೆಲವು ವಿಷ ಬೆರೆಸಿದುವು. ಕೆಲವು ಹಲವು ವರ್ಷ ಕೈಬಿಗಿ ಹಿಡಿದು ಒಂದು ವರ್ಷ ತಿಂದು ಮುಗಿಸಲಾಗದಷ್ಟು ಕಾಯಿ ಸುರಿಸಿದುವು. ಇದು ಒಂದೇ ಮನೆಯಲ್ಲಿ ಬೆಳೆದ ದಾಯಾದಿಗಳ ಜಗಳದಂತೆ. ಎಷ್ಟು ಬೈದಾಡಿದರೂ ಒಬ್ಬರ ಕೈಯ ಉದ್ದ ಇನ್ನೊಬ್ಬರಿಗೆ ಗೊತ್ತು.

ಅದೇ ಇಲಿ ಹಡಗು ಹತ್ತಿದಾಗ ಏನಾಯಿತೆಂಬುದನ್ನು ನೋಡಿ. ಮನೆಯ ಅಟ್ಟಗಳಲ್ಲಿ ಓಡಾಡುವ ಕಪ್ಪಿಲಿಯ ಮೂಲಸ್ಥಾನ ನಮ್ಮ ಉಪಖಂಡವೇ. ವ್ಯಾಪಾರದ ಹಡಗುಗಳಲ್ಲಿ ಟಿಕೀಟಿಲ್ಲದೆ ಪ್ರಯಾಣ ಮಾಡಿ ಅದು ಲೋಕವನ್ನೆಲ್ಲ ಸುತ್ತಿತು. ಆಸ್ಟ್ರೇಲಿಯಾದ ಪೂರ್ವಕ್ಕೆ ಸುಮಾರು 600 ಕಿಲೋಮೀಟರ್ ದೂರದಲ್ಲಿ ಲಾರ್ಡ್ ಹೋವ್ ಎಂಬ ಪುಟ್ಟ ದ್ವೀಪವಿದೆ. 1918ರ ಜೂನ್ ತಿಂಗಳಲ್ಲಿ ಮಕಾಂಬೋ ಎಂಬ ಹಡಗು ಅಲ್ಲಿ ನೆಲಕ್ಕೆ ತಗಲಿ ನಿಂತಾಗ ಕಪ್ಪಿಲಿಗಳು ದಡ ಸೇರಿದುವು. ಆ ದ್ವೀಪದ ಹಕ್ಕಿಗಳಿಗೆ, ಮರಗಳಿಗೆ ಇಲಿಯೆಂದರೇನೆಂದೇ ತಿಳಿಯದು. ಬೇರೆಲ್ಲೂ ಇಲ್ಲದ ಐದು ಬಗೆಯ ಹಕ್ಕಿಗಳು ಕೆಲವೇ ವರ್ಷಗಳಲ್ಲಿ ನಿರ್ನಾಮವಾದುವು. ಬೆಟ್ಟದ ನೆತ್ತಿಯಲ್ಲಿ ಮಾತ್ರ ಬೆಳೆಯುವ ಒಂದು ಕುಳ್ಳು ತಾಳೆಯ ಮರಗಳು ಮಾತ್ರ ನಿಂತೇ ಇದ್ದುವು. ಹೂ ಬಿಟ್ಟುವು, ಕಾಯಿ ಬಿಟ್ಟುವು. ನೋಡಿದವರಿಗೆ ಕಾಡು ಸೊಂಪಾಗಿಯೇ ಇತ್ತು. ಆದರೆ ಮರಗಳ ಕೆಳಗೆ ಸಸಿಗಳಿರಲಿಲ್ಲ. ಕಾಯಿಗಳೆಲ್ಲ ಇಲಿಯ ಪಾಲಾಗುತ್ತಿದ್ದುವು. ಇಲಿಗೆ ಪಾಷಾಣವಿಟ್ಟ ಭಾಗಗಳನ್ನೂ ಇಡದ ಭಾಗಗಳನ್ನೂ ಹೋಲಿಸಿ ಈ ಸಂಗತಿಯನ್ನು ವಿಜ್ಞಾನಿಗಳು 2010ರಲ್ಲಿ ಖಚಿತಪಡಿಸಿದರು. 2019ರಲ್ಲಿ ಇಡೀ ದ್ವೀಪಕ್ಕೆ ಪಾಷಾಣದ ಗುಳಿಗೆ ಹಾಕಿ ಇಲಿಗಳನ್ನು ನಿರ್ಮೂಲ ಮಾಡಿದ ಬಳಿಕ ಸಸಿಗಳು ಮತ್ತೆ ತಲೆಯೆತ್ತತೊಡಗಿದುವು. ನೂರು ವರ್ಷಗಳ ಕಾಲ ಮಕ್ಕಳಿಲ್ಲದೆ ನಿಂತ ಕಾಡು!

ನೆಲ್ಲಿಬೀಜವನ್ನು ಉಗುಳಿ ಬಿತ್ತುವ ನಮ್ಮ ಚುಕ್ಕೆಜಿಂಕೆಗೂ ಇಂತಹ ಇನ್ನೊಂದು ಜನ್ಮವಿದೆ. ಬ್ರಿಟಿಷರು 20ನೆಯ ಶತಮಾನದ ಆರಂಭದ ದಶಕಗಳಲ್ಲಿ ಅದನ್ನು ಅಂಡಮಾನಿಗೆ ಒಯ್ದು ಬಿಟ್ಟರು. ಅಲ್ಲಿ ಹುಲಿಯಿಲ್ಲ, ಚಿರತೆಯಿಲ್ಲ, ಸೀಳುನಾಯಿಯಿಲ್ಲ. ಜಿಂಕೆ ದ್ವೀಪದಿಂದ ದ್ವೀಪಕ್ಕೆ ಈಜಿ ಹಬ್ಬಿತು. ಮೊಳೆತ ಸಸಿಗಳನ್ನೆಲ್ಲ ಮೇಯ್ದು ಕಾಡಿನ ಮುಂದಿನ ತಲೆಮಾರನ್ನೇ ಕತ್ತರಿಸುತ್ತಿದೆ ಎಂಬ ಆಕ್ಷೇಪಕ್ಕೆ ಗುರಿಯಾಯಿತು. ಇಂಟರ್‌ವ್ಯೂ ಎಂಬ ದ್ವೀಪದಲ್ಲಿ, ಮರದ ವ್ಯಾಪಾರ ಮುಳುಗಿದ ಗುತ್ತಿಗೆದಾರರು 1960ರ ದಶಕದ ಆರಂಭದಲ್ಲಿ ಕೈಬಿಟ್ಟುಹೋದ ಸಾಕಾನೆಗಳು ಕಾಡಾನೆಗಳಾಗಿ ಜಿಂಕೆಗೆ ಜೊತೆಯಾದುವು. ಬಂಡೀಪುರದಲ್ಲಿ ಪೂಜ್ಯವಾದ ಎರಡು ಪ್ರಾಣಿಗಳು ಅಂಡಮಾನಿನಲ್ಲಿ ಪಿಡುಗುಗಳು. ಪ್ರಾಣಿ ಬದಲಾಗಲಿಲ್ಲ, ಸುತ್ತಲಿನವರು ಬದಲಾದರು.

ಇನ್ನು ಒಳನಾಡಿನ ನಮ್ಮ ಕಾಡುಗಳಿಗೆ ಹೊರಗಿನಿಂದ ಬಂದ ಸಸ್ತನಿ ಯಾವುದು? ಪುಸ್ತಕದಲ್ಲಿ ಹುಡುಕಬೇಕಾಗಿಲ್ಲ: ಬೀಡಾಡಿ ದನ, ಆಡು, ನಾಯಿ. ಬೆಟ್ಟದಲ್ಲಿ ನಾಲ್ಕು ದನ ಮೇಯ್ದರೆ ಕಾಡು ಹಾಳಾಯಿತೆಂದು ಕೂಗುವವರಲ್ಲ ನಾವು. ಸೊಪ್ಪಿನಬೆಟ್ಟದ ಸಂಸಾರ ತಲೆತಲಾಂತರದ್ದು. ಆದರೆ ನೂರಾರು ಬಾಯಿಗಳು ವರ್ಷವಿಡೀ ಒಂದೇ ತುಂಡು ಕಾಡಿನ ಮೇಲೆ ಬಿದ್ದರೆ ಯಾವ ಸಸಿ ಮೊಣಕಾಲೆತ್ತರ ದಾಟೀತು? ನಾಯಿ ಬೀಜ ತಿನ್ನುವುದಿಲ್ಲ; ಬೀಜ ಬಿತ್ತುವ ಮರಬೆಕ್ಕನ್ನೂ ಕಾಡುಕುರಿಯನ್ನೂ ಅಟ್ಟಿ ಕೊಲ್ಲುತ್ತದೆ.

ಬಯಲುಸೀಮೆಯವರಿಗೆ ಬಳ್ಳಾರಿ ಜಾಲಿಯ ವಿಚಾರ ಹೇಳಲೇಬೇಕು. ಅಮೆರಿಕ ಖಂಡದ ಈ ಮುಳ್ಳುಮರ 1877ರ ಸುಮಾರಿಗೆ ಭಾರತಕ್ಕೆ ಬಂತು. ಅದರ ಸಿಹಿಯಾದ ಕಾಯಿಯನ್ನು ಆಡು-ದನ ಆಸೆಯಿಂದ ತಿನ್ನುತ್ತವೆ. ಗಟ್ಟಿ ಬೀಜ ಸಗಣಿಯಲ್ಲಿ ಗೊಬ್ಬರಸಹಿತ ಹೊರಬೀಳುತ್ತದೆ. ಊರಿನ ದನವೇ ವಿದೇಶೀ ಮರದ ಬಿತ್ತನೆಗಾರನಾಯಿತು. ದನವೊಂದೇ ಅಲ್ಲ. ಗುಜರಾತಿನ ವೇಳಾವದರದ ಹುಲ್ಲುಗಾವಲಿನಲ್ಲಿ ನಡೆದ ಅಭ್ಯಾಸವೊಂದು 2013ರಲ್ಲಿ ವಿಚಿತ್ರ ಸಂಗತಿಯನ್ನು ಹೊರಗೆಡಹಿತು. ಅಲ್ಲಿ ಗಂಡು ಕೃಷ್ಣಮೃಗಗಳು ತಂತಮ್ಮ ಸರಹದ್ದು ಕಟ್ಟಿಕೊಂಡು ನಿಂತು ಹೆಣ್ಣುಗಳನ್ನು ಆಕರ್ಷಿಸುತ್ತವೆ. ಅದೇ ಜಾಗದಲ್ಲಿ ಮತ್ತೆ ಮತ್ತೆ ಹಿಕ್ಕೆ ಹಾಕುತ್ತವೆ. ಜಾಲಿಯ ಕಾಯಿ ತಿಂದು ಬಂದ ಮೃಗಗಳ ಆ ಹಿಕ್ಕೆಯ ರಾಶಿಯಿಂದ ಹುಲ್ಲುಗಾವಲಿನ ನಟ್ಟನಡುವೆ ಜಾಲಿ ಎದ್ದಿತು. ಪ್ರಣಯದ ಅಂಗಳವೇ ಮುಳ್ಳಿನ ಮಡಿಯಾಯಿತು. ನಮ್ಮ ರಾಣೆಬೆನ್ನೂರಿನಲ್ಲೂ ಕೃಷ್ಣಮೃಗಗಳಿಗೊಂದು ಅಭಯಾರಣ್ಯವಿದೆಯೆಂಬುದನ್ನು ನೆನಪಿಟ್ಟು ಇದನ್ನು ಓದಬೇಕು. ನಾಡಿನ ಪ್ರಾಣಿಯೆಂದರೆ ಒಳ್ಳೆಯದು, ಹೊರಗಿನದೆಂದರೆ ಕೆಟ್ಟದ್ದು ಎಂಬ ಸುಲಭದ ಭಾಗಾಕಾರ ಇಲ್ಲಿ ನಡೆಯದು.

ನಾವು ದಿನವೂ ಭಾಗಿಗಳಾಗುವ ಒಂದು ವಿಷಯ ಉಳಿದಿದೆ. ರಜೆಗೆ ಊರಿಗೆ ಹೋಗುವಾಗ ಘಟ್ಟದ ತಿರುವುಗಳಲ್ಲಿ, ಇಲ್ಲವೆ ಮಾಥೇರಾನ್, ಭೀಮಾಶಂಕರಗಳಲ್ಲಿ, ಮಕ್ಕಳ ಸಂತೋಷಕ್ಕೆಂದು ಮಂಗಗಳಿಗೆ ಬಿಸ್ಕತ್ತು, ಕುರುಕಲು, ಬಾಳೆಹಣ್ಣು ಹಾಕುತ್ತೇವಷ್ಟೆ. ಹನುಮಂತನಿಗೆ ಸಲ್ಲಿತೆಂದು ದೊಡ್ಡವರಿಗೂ ಸಮಾಧಾನ. ಉತ್ತರ ಬಂಗಾಳದ ಬಕ್ಸಾ ಕಾಡಿನಲ್ಲಿ ರಸ್ತೆಬದಿಯ ಮಂಗಗಳನ್ನು ಹಿಂಬಾಲಿಸಿ ಮಾಡಿದ ಅಭ್ಯಾಸವೊಂದು 2015ರಲ್ಲಿ ಪ್ರಕಟವಾಯಿತು. ಜನರು ತಿಂಡಿ ಹಾಕುವ ಕಾಲದಲ್ಲಿ ಆ ಮಂಗಗಳು ಕಾಡುಹಣ್ಣು ತಿನ್ನುವುದು ಕಡಿಮೆಯಾಯಿತು, ತಿರುಗಾಟ ಕಡಿಮೆಯಾಯಿತು; ಬಿತ್ತಿದ ಅಲ್ಪಸ್ವಲ್ಪ ಬೀಜವೂ ಡಾಂಬರು ರಸ್ತೆಯ ಮೇಲೆಯೇ ಬಿತ್ತು. ಒಂದು ಪೊಟ್ಟಣ ತಿಂಡಿಗೆ ಒಬ್ಬ ಬಿತ್ತನೆಗಾರ ಕೆಲಸ ಬಿಟ್ಟಂತಾಯಿತು. ಮೇಲಾಗಿ, ಕೈಯಿಂದ ತಿಂದು ರುಚಿ ಕಂಡ ಮಂಗವೇ ಆಮೇಲೆ ಊರಿನ ತೋಟಕ್ಕೂ ಅಡಿಗೆಮನೆಗೂ ನುಗ್ಗುವುದು. ತೋಟಿಗರ ನಷ್ಟ ನಿಜವಾದ ನಷ್ಟ. ಅದಕ್ಕೆ ಸರ್ಕಾರ ತಕ್ಕ ಪರಿಹಾರವನ್ನು ತಡವಿಲ್ಲದೆ ಕೊಡಬೇಕೆಂಬುದು ನಮ್ಮ ಸ್ಪಷ್ಟ ಅಭಿಪ್ರಾಯ. ಆದರೆ ಆ ನಷ್ಟದಲ್ಲಿ ದಾರಿಹೋಕರಾದ ನಮ್ಮ ಬಾಳೆಹಣ್ಣಿನ ಪಾಲೂ ಇದೆ.

ಮುಂದಿನ ಸಲ ಭೀಮಾಶಂಕರಕ್ಕೆ ಹೋಗುವವರು ಗುಡಿಯ ಸಂದಣಿಯಿಂದ ಸ್ವಲ್ಪ ಆಚೆ, ಮಳೆ ನಿಂತ ಮೇಲಿನ ತಿಂಗಳುಗಳಲ್ಲಿ, ಬೆಳಗಿನ ಹೊತ್ತು, ಸದ್ದು ಮಾಡದೆ ನಡೆಯಬೇಕು. ತಲೆಯೆತ್ತಿದರೆ ಕೊಂಬೆಗಳ ಸಂದಿಯಲ್ಲಿ ಎಲೆ-ಕಡ್ಡಿಗಳ ದೊಡ್ಡ ಉಂಡೆಯಂತಹ ಗೂಡುಗಳು ಕಾಣುತ್ತವೆ, ಕೆಂದಳಿಲಿನವು. ಮೈಬಾಲಗಳೆರಡೂ ಸೇರಿ ಸುಮಾರು ಒಂದು ಗಜ ಉದ್ದದ ಆ ಕೆಂಪು ಪ್ರಾಣಿ ಅದೃಷ್ಟವಿದ್ದರೆ ಒಂದು ಮರದಿಂದ ಇನ್ನೊಂದಕ್ಕೆ ನೆಗೆಯುವುದನ್ನೂ ಕಾಣಬಹುದು. ಮಕ್ಕಳು ಅದನ್ನು ನೋಡುತ್ತಿರಲಿ. ದೊಡ್ಡವರು ತಲೆ ತಗ್ಗಿಸಿ ಮರದ ಬುಡವನ್ನೂ ಒಮ್ಮೆ ನೋಡಬೇಕು: ಕೊರೆದ ಚಿಪ್ಪುಗಳೆಷ್ಟು, ಇಡೀ ಬೀಜಗಳೆಷ್ಟು, ಮೊಣಕಾಲೆತ್ತರದ ಸಸಿಗಳೆಷ್ಟು, ಅವುಗಳಲ್ಲಿ ದನದ ಬಾಯಿಂದ ತುದಿ ಕಳೆದುಕೊಂಡವೆಷ್ಟು. ಎಣಿಸಿದವರು ನಮಗೆ ಬರೆದು ತಿಳಿಸಿದರೆ ಮುಂದಿನ ಸಂಚಿಕೆಯಲ್ಲಿ ಸಂತೋಷದಿಂದ ಪ್ರಕಟಿಸುತ್ತೇವೆ.